ಎಡಗಡೆ ಕುಳಿತವಳು

ನನ್ನ ಎಡಗಡೆ ಒಬ್ಬ ಹೆಂಗಸು ಕುಳಿತಿರುತ್ತಾಳೆ. ಹಸಿರು ಸೀರೆ. ಔಷಧದ ಹನಿ ಹಾಕಿಸಿಕೊಳ್ಳಲು ಕಾದವಳ ಹಾಗೆ ಮುಖ ಮೇಲೆತ್ತಿ, ಕಣ್ಣು ಅಗಲಿಸಿರುತ್ತಾಳೆ. ಮಾತಾಡುವುದಿಲ್ಲ, ರೆಪ್ಪೆ ಬಡಿಯುವುದಿಲ್ಲ. ನಾನು ಕತ್ತು ತಿರುಗಿಸಿ ನೋಡಿದರೆ ಅಲ್ಲಿ ಬರೀ ಗೋಡೆ, ಇಲ್ಲವೇ ಹಗ್ಗದ ಮೇಲೆ ಒಣಹಾಕಿದ ಟವೆಲ್ಲು. ಮತ್ತೆ ಮುಂದೆ ನೋಡಿದರೆ ಬಂದು ಕುಳಿತಿರುತ್ತಾಳೆ.

ಮೊದಲೇ ಹೇಳಿಬಿಡುತ್ತೇನೆ. ನನಗೆ ಗಾಳಿ ಸೋಕಿಲ್ಲ, ತಲೆಯೂ ಕೆಟ್ಟಿಲ್ಲ. ನನ್ನ ಎಡಗಣ್ಣು ಬಹುತೇಕ ಹೋಗಿದೆ. ಬಲಗಣ್ಣಿನಲ್ಲಿ ಮೂಗಿನ ಕಡೆಯ ನೋಟ ಹೋಗಿದೆ. ಉಳಿದದ್ದರಲ್ಲಿ ಅಡಿಗೆ ಮಾಡುತ್ತೇನೆ, ಬಸ್ಸಿನ ಬೋರ್ಡು ಓದುತ್ತೇನೆ, ಸೊಸೆ ಸಾರಿಗೆ ಉಪ್ಪು ಹೆಚ್ಚು ಹಾಕಿದರೆ ಅವಳ ಮುಖದಲ್ಲೇ ಕಂಡುಹಿಡಿಯುತ್ತೇನೆ. ಈ ಹೆಂಗಸಿನ ವಿಷಯವನ್ನು ಮಾತ್ರ ಆರು ತಿಂಗಳು ಯಾರಿಗೂ ಹೇಳಿರಲಿಲ್ಲ. ಇದನ್ನು ಓದುವವರಲ್ಲಿ ಯಾರಾದರೂ ಇಂಥದ್ದೇ ಏನನ್ನೋ ಕಾಣುತ್ತ, ಹೇಳಿದರೆ ಹುಚ್ಚಿ ಅಂದಾರು ಎಂದು ಬಾಯಿ ಮುಚ್ಚಿಕೊಂಡಿದ್ದರೆ, ಅವರಿಗಾಗಿ ಹೇಳುತ್ತಿದ್ದೇನೆ. ನಾನು ಹೇಳುತ್ತ ಹೋದದ್ದನ್ನು ನನ್ನ ತಂಗಿ ರೇಖಾ ಬರೆದುಕೊಂಡಿದ್ದಾಳೆ.

ಅಥಣಿ ಕಡೆಯ ನಮ್ಮ ಹಳ್ಳಿಯಲ್ಲಿ ದ್ರಾಕ್ಷಿ ಒಣಗಿಸುವ ಶೆಡ್ಡುಗಳು ಸಾಲಾಗಿವೆ. ಬೇಸಿಗೆಯಲ್ಲಿ ಹಸಿ ದ್ರಾಕ್ಷಿಯನ್ನು ಬಲೆಯ ಮೇಲೆ ಹರವಿ ಒಣಗಿಸುತ್ತಾರೆ, ಬಣ್ಣ ಬರಲೆಂದು ಗಂಧಕದ ಹೊಗೆ ಹಾಕುತ್ತಾರೆ. ಆಮೇಲೆ ನಮ್ಮ ಕೆಲಸ. ಪರಾತ ಎಂಬ ಅಗಲದ ತಟ್ಟೆಯಲ್ಲಿ ಒಣದ್ರಾಕ್ಷಿ ಸುರುವಿಕೊಂಡು ಕಡ್ಡಿ, ಕಲ್ಲು, ಕರಿ ಮಣಿ ಅಂದರೆ ಕಪ್ಪಾದ ದ್ರಾಕ್ಷಿ, ಎಲ್ಲ ಆರಿಸಿ ತೆಗೆಯಬೇಕು. ನಾನು ರೇಖಾಳೂ ಸೇರಿ ಹನ್ನೊಂದು ಹೆಂಗಸರ ಗುಂಪಿನ ಕೆಲಸ ನೋಡಿಕೊಳ್ಳುವ ಮುಕಾದಮಳಾಗಿದ್ದೆ. ಪಿಯುಸಿ ತನಕ ಓದಿದವಳು, ಬಾಯಿ ಜೋರು, ಆದ್ದರಿಂದ ಮುಕಾದಮ. ಒಬ್ಬೊಬ್ಬರೇ ಆರಿಸಿದ ಪರಾತ ತಂದು ನನ್ನ ಮುಂದೆ ಇಡುವರು. ನಾನು ಒಮ್ಮೆ ಕಣ್ಣಾಡಿಸಿ "ಹಾಕ" ಎಂದರೆ ಗುಂಪಿನ ರತ್ನವ್ವ ಅದನ್ನು ಎತ್ತಿ ಕ್ರೇಟಿಗೆ ಸುರಿಯುವಳು. ನನ್ನ ಕಣ್ಣು ದಾಟಿ ಒಂದು ಕರಿ ಮಣಿಯೂ ಹೋಗುವುದಿಲ್ಲ ಎಂದು ಸುತ್ತಲಿನ ಶೆಡ್ಡುಗಳಲ್ಲೆಲ್ಲ ನನಗೆ ಹೆಸರಿತ್ತು, ಆ ಹೆಸರಿನ ಸೊಕ್ಕೂ ಇತ್ತು.

ಗಂಧಕದ ಹೊಗೆ ಕಣ್ಣಿಗೆ ಖಾರ ಹಚ್ಚಿದ ಹಾಗೆ ಉರಿಯುತ್ತದೆ. ಒಂದು ವರ್ಷ ನನಗೆ ಕಣ್ಣುಬೇನೆ ಬಂದಾಗ ಡಾಕ್ಟರು ಒಂದು ಸಣ್ಣ ಬಾಟಲಿ ಬರೆದುಕೊಟ್ಟು, ಒಂದು ವಾರ ಹಾಕಿ ನಿಲ್ಲಿಸಿ ಎಂದಿದ್ದರು. ಹಾಕಿದ ಮರುದಿನವೇ ಕೆಂಪು, ತುರಿಕೆ, ಉರಿ ಎಲ್ಲ ಮಾಯ. ಅಂಥ ಔಷಧವನ್ನು ಯಾರಾದರೂ ಬಿಡುತ್ತಾರೆಯೇ? ಮುಗಿದಾಗಲೆಲ್ಲ ಔಷಧದ ಅಂಗಡಿಯಲ್ಲಿ ಖಾಲಿ ಬಾಟಲಿ ತೋರಿಸಿ ಇನ್ನೊಂದು ತರುತ್ತಿದ್ದೆ. ಚೀಟಿ ಕೇಳಿದವರಿಲ್ಲ, ಕೇಳಿದ್ದರೆ ನಾನೇ ಜಗಳ ತೆಗೆಯುತ್ತಿದ್ದೆ. ಸೆರಗಿನ ಗಂಟಿನಲ್ಲಿ ಅದು ಸದಾ ಇರುತ್ತಿತ್ತು. ಮಧ್ಯಾಹ್ನ ರೊಟ್ಟಿ ತಿಂದಾದ ಮೇಲೆ ಹೆಂಗಸರು ಶೆಡ್ಡಿನ ನೆರಳಿನಲ್ಲಿ ಸಾಲಾಗಿ ಕುಳಿತು ಮುಖ ಮೇಲೆತ್ತುವರು. "ಅಕ್ಕಾರ, ನನಗೊಂದ ಹನಿ." "ನನಗ ಎರಡೂ ಕಣ್ಣಿಗಿ ಹಾಕ್ರಿ." ನಾನು ಒಬ್ಬೊಬ್ಬರ ಗದ್ದ ಹಿಡಿದು ಹಾಕುತ್ತ ಹೋಗುತ್ತಿದ್ದೆ. ಅದನ್ನು ನಾವು ಔಷಧ ಎನ್ನುತ್ತಲೂ ಇರಲಿಲ್ಲ, ತಂಪು ಎನ್ನುತ್ತಿದ್ದೆವು. ನಿಜ ಹೇಳುತ್ತೇನೆ, ದಿನದಲ್ಲಿ ನನಗೆ ಅತ್ಯಂತ ಸುಖದ ಹೊತ್ತು ಅದೇ ಆಗಿತ್ತು. ಆರು ವರ್ಷ ಹಾಗೆ ಹಾಕಿದೆ.

ಆರನೆಯ ವರ್ಷ ಶೆಡ್ಡಿನ ಮಾಲಕರು ಕ್ರೇಟು ಬಗ್ಗಿಸಿ ಕರೆದರು.

"ಶಾಂತಕ್ಕಾ, ಇದೇನ್ರಿ? ಕರೇ ಮಣಿ, ಕಡ್ಡಿ ಎಲ್ಲಾ ಹಂಗ ಅದಾವಲ್ಲ."

ನಾನು ನಂಬಲಿಲ್ಲ. ಮರುದಿನ ಇನ್ನಷ್ಟು ಎಚ್ಚರದಿಂದ ನೋಡಿದೆ. ಪ್ರತಿ ಪರಾತವೂ ಅಂಚಿನಿಂದ ಅಂಚಿಗೆ ಹೊಂಬಣ್ಣ, ಒಂದು ಕಲೆಯಿಲ್ಲ. ಸಂಜೆ ಕ್ರೇಟಿನಲ್ಲಿ ಮತ್ತೆ ಕರಿ ಮಣಿ. ಮೂರನೆಯ ದಿನವೂ ಹಾಗೇ ಆಯಿತು. ನಾನು ನೋಡುವಾಗ ಇಲ್ಲದ್ದು ಕ್ರೇಟಿಗೆ ಬೀಳುವಾಗ ಇದೆ ಎಂದರೆ ನಡುವೆ ಯಾರದೋ ಕೈ ಆಡಿದೆ. ನಡುವೆ ಇದ್ದದ್ದು ರತ್ನವ್ವನ ಕೈ. ಆ ವರ್ಷ ಅವಳು ತಾನೇ ಒಂದು ಗುಂಪು ಕಟ್ಟುತ್ತೇನೆಂದು ಮಾಲಕರ ಕಿವಿಗೆ ಹಾಕಿದ್ದಳು, ಅದನ್ನು ನಾನು ಮರೆತಿರಲಿಲ್ಲ.

ಎಲ್ಲರ ಮುಂದೆ ಕೇಳಿದೆ. "ನನ್ನ ಹೆಸರ ಕೆಡಸಾಕ ಕರೇ ಮಣಿ ಬೆರಸಾಕತ್ತೀ ಏನ?"

ಅವಳು ಪರಾತ ಕೆಳಗಿಟ್ಟಳು. "ನಾ ಯಾಕ ಬೆರಸಲ್ರಿ ಅಕ್ಕಾರ?"

ಮಾಲಕರು ನನ್ನ ಕಡೆ ತಿರುಗಿದರು. "ನೀವು ನೋಡೀರೇನ್ರಿ?"

"ಕಣ್ಣಾರೆ ನೋಡೇನಿ" ಎಂದೆ.

ನಾನು ನೋಡಿದ್ದು ಸ್ವಚ್ಛವಾದ ಪರಾತವನ್ನು. ಅವಳ ಕೈಯನ್ನಲ್ಲ. ಆ ವ್ಯತ್ಯಾಸ ನನಗೆ ಅಲ್ಲೇ ಗೊತ್ತಿತ್ತು, ಆದರೂ ಬಾಯಿ ಬಿಡಲಿಲ್ಲ. ರತ್ನವ್ವ ಬಹಳ ಹೊತ್ತು ನನ್ನ ಮುಖವನ್ನೇ ನೋಡಿದಳು. "ಅಕ್ಕಾರ, ನಿಮ್ಮ ಕಣ್ಣಿಗಿ ಏನೋ ಆಗೇತಿ" ಎಂದಳು. ಹೆಂಗಸರೆಲ್ಲ ಹೌಹಾರಿದರು, ಅದು ಶಾಪ ಹಾಕಿದ ಹಾಗೆ ಕೇಳಿತ್ತು. ಅವಳು ಸೆರಗು ಝಾಡಿಸಿಕೊಂಡು ಎದ್ದು ಹೋದಳು. ಅವತ್ತು ಅವಳು ಹಸಿರು ಸೀರೆ ಉಟ್ಟಿದ್ದಳು.

ಆ ಹಂಗಾಮಿನಲ್ಲಿ ಬೇರೆ ಯಾವ ಶೆಡ್ಡೂ ಅವಳನ್ನು ಕರೆಯಲಿಲ್ಲ. ನನ್ನ ಮಾತಿಗೆ ಅಷ್ಟು ಬೆಲೆ ಇತ್ತು. ಗಂಡ ತೀರಿಕೊಂಡವಳು, ಮಗಳನ್ನು ಕರೆದುಕೊಂಡು ತವರು ಅಂಕಲಿಗೆ ಹೋದಳೆಂದು ಕೇಳಿದೆ. ಹೋಗಲಿ ಎಂದುಕೊಂಡೆ. ಅವಳು ಹೋದ ಮೇಲೂ ಕ್ರೇಟಿನಲ್ಲಿ ಕರಿ ಮಣಿ ಬಂದವು. ಆಗ ಬೇರೆಯವರ ಮೇಲೆ ಸಂಶಯಪಟ್ಟೆ. ನನ್ನ ಮೇಲೆ ಪಡಲಿಲ್ಲ.

ಯಾಕೆ ಪಡಲಿ? ಊರಿಗೆ ಕಣ್ಣಿನ ತಪಾಸಣೆಯವರು ಬಂದಾಗ ಕೊನೆಯ ಸಾಲಿನ ಸಣ್ಣ ಅಕ್ಷರವನ್ನೂ ಪಟಪಟ ಓದಿ ಚಪ್ಪಾಳೆ ಗಿಟ್ಟಿಸಿದವಳು ನಾನು. ಎಡಗೈಗೆ ತಾಗಿ ಲೋಟ ಉರುಳುತ್ತಿತ್ತು, ಎಡಭುಜ ಬಾಗಿಲಿಗೆ ಬಡಿಯುತ್ತಿತ್ತು. "ನಡ್ಯಾಕ ಕಲೀ ಮೊದಲ" ಎಂದು ನಮ್ಮವರು ಚೇಷ್ಟೆ ಮಾಡುವರು. ಅತ್ತೆ ಮಾತ್ರ ನಗಲಿಲ್ಲ. "ಆ ರತ್ನಿ ಕಣ್ಣ ಹಾಕ್ಯಾಳ" ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಘಾಟು ಬಂದು ಕಣ್ಣು ಉರಿಯಿತು. ಅದಕ್ಕೂ ಎರಡು ಹನಿ ಹಾಕಿಕೊಂಡೆ.

ಒಂದು ದಿನ ಅಥಣಿ ಪೇಟೆಯಲ್ಲಿ ರಸ್ತೆ ದಾಟುವಾಗ ಎಡಗಡೆಯಿಂದ ಬಂದ ಮೋಟಾರ್ ಸೈಕಲ್ಲು ಹೊಡೆಯಿತು. ನಾನು ನೋಡಿಯೇ ಹೆಜ್ಜೆ ಇಟ್ಟಿದ್ದೆ. ರಸ್ತೆ ಖಾಲಿ ಇತ್ತು. ಡಾಂಬರು, ಅದರಾಚೆ ಅಂಗಡಿ ಸಾಲು, ಎಲ್ಲ ಸ್ಪಷ್ಟವಾಗಿ ಕಂಡಿತ್ತು. ಮುರಿದ ಮುಂಗೈಗೆ ಪ್ಲಾಸ್ಟರ್ ಹಾಕಿದ ಡಾಕ್ಟರು ನನ್ನ ಎಡಗಡೆ ಬೆರಳಾಡಿಸಿದರು. ನಾನು ಸುಮ್ಮನೆ ಅವರ ಮುಖ ನೋಡುತ್ತಿದ್ದೆ. "ಕೈಗಿಂತ ಮೊದಲ ಕಣ್ಣ ತೋರಸ್ರಿ" ಎಂದರು. ಹಾಗೆ ಕಾಗವಾಡ ದಾಟಿ ಮಿರಜಕ್ಕೆ ಹೋದೆವು.

ಕಣ್ಣಿನ ಆಸ್ಪತ್ರೆಯಲ್ಲಿ ಕಾಯುವ ಕೋಣೆ ಒಂದು ವಿಚಿತ್ರ ಜಾಗ. ಪಾಪೆ ಅಗಲಿಸುವ ಔಷಧ ಹಾಕಿ ಕೂರಿಸಿರುತ್ತಾರೆ. ಐವತ್ತು ಜನ ತಲೆ ಹಿಂದಕ್ಕೆ ಚೆಲ್ಲಿ, ಕಣ್ಣು ಮುಚ್ಚಿ, ಯಾರೂ ಯಾರನ್ನೂ ನೋಡದೆ ಕೂತಿರುತ್ತಾರೆ. ಮರಾಠಿ, ಕನ್ನಡ ಎರಡೂ ಕಿವಿಗೆ ಬೀಳುತ್ತಿರುತ್ತವೆ. ಪಕ್ಕದಲ್ಲಿದ್ದ ಯಾರೋ ಮುದುಕಿ ನನ್ನ ಕೈ ಹಿಡಿದುಕೊಂಡು "ಘಾಬರೂ ನಕೋ, ಬಾಳ" ಎಂದಳು, ಹೆದರಬೇಡ ಮಗಳೇ ಅಂತ. ಒಂದು ತಾಸು ಹಿಡಿದೇ ಇದ್ದಳು. ಅವಳ ಮುಖ ನಾನು ನೋಡಲೇ ಇಲ್ಲ. ನೆನಪಾದಾಗಲೆಲ್ಲ ಮನಸ್ಸಿನಲ್ಲೇ ಅವಳ ಕಾಲಿಗೆ ಬೀಳುತ್ತೇನೆ.

ಆಮೇಲೆ ಒಂದು ಮಷೀನಿನ ಮುಂದೆ ಕೂರಿಸಿದರು. ಬಿಳಿ ಬೋಗುಣಿಯಂಥದ್ದರೊಳಗೆ ಗದ್ದ ಇಟ್ಟು ನಡುವಿನ ಚುಕ್ಕೆಯನ್ನೇ ನೋಡಬೇಕು. ಸುತ್ತ ಎಲ್ಲಿ ಬೆಳಕು ಮಿಣುಕಿದರೂ ಕೈಯಲ್ಲಿರುವ ಗುಂಡಿ ಒತ್ತಬೇಕು. ಸ್ವಲ್ಪ ಹೊತ್ತು ಬೆಳಕು ಬಂತು, ಒತ್ತಿದೆ. ಆಮೇಲೆ ನಿಂತೇಹೋಯಿತು. ಕಾದೆ, ಕಾದೆ, ಏನೂ ಇಲ್ಲ.

"ಮೇಡಮ್ಮಾರ, ನಿಮ್ಮ ಮಷೀನ ಕೆಟ್ಟೈತಿ ನೋಡ್ರಿ" ಎಂದೆ, ಹುಷಾರಿಯಿಂದ.

ಮಷೀನು ನಡೆಸುವ ಹುಡುಗಿ ಕಾಗದ ಹೊರತೆಗೆದು ಡಾಕ್ಟರ ಕೋಣೆ ತೋರಿಸಿದಳು. ನಕ್ಕಿದ್ದರೆ ಚೆನ್ನಾಗಿತ್ತು.

ಡಾಕ್ಟರು ಹೆಣ್ಣುಮಗಳು. ಅರ್ಧ ಮರಾಠಿ, ಅರ್ಧ ನಮ್ಮ ಕನ್ನಡ. "ಕಣ್ಣಿಗಿ ಏನಾರ ಔಷಧ ಹಾಕೋತೀರೇನ್ರಿ?" ಎಂದು ಕೇಳಿದರು. ಇಲ್ಲ ಎಂದೆ. ಹಳೆಯ ಕಾಗದ ಏನಾದರೂ ಇವೆಯೇ ಎಂದರು. ಇಲ್ಲ ಎಂದೆ. ಅವರು ಬರೆಯುತ್ತಿದ್ದರು. ಅಷ್ಟೆಲ್ಲ ದೀಪ ಬಿಟ್ಟಿದ್ದರಿಂದ ನನ್ನ ಕಣ್ಣು ಉರಿಯುತ್ತಿತ್ತು. ನಾನು ಎಂದಿನ ಹಾಗೆ ಸೆರಗಿನ ಗಂಟು ಬಿಚ್ಚಿ, ಬಾಟಲಿ ತೆಗೆದು, ಅವರ ಎದುರಿಗೇ ತಲೆ ಎತ್ತಿ ಹಾಕಿಕೊಳ್ಳಲು ಹೋದೆ. ಅವರು ಎದ್ದು ಬಂದು ನನ್ನ ಮಣಿಕಟ್ಟು ಹಿಡಿದರು.

"ಇದೇನ್ರಿ ಮತ್ತ?"

"ಇದ ಔಷಧ ಅಲ್ರಿ ಮೇಡಮ್ಮಾರ, ಬರೇ ತಂಪ."

ಅವರು ಬಾಟಲಿಯ ಮೇಲಿನ ಸಣ್ಣ ಅಕ್ಷರ ಓದಿದರು. ಎಷ್ಟು ವರ್ಷ ಎಂದು ಕೇಳಿದರು. ಹೇಳಿದೆ. ಅವರು ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡು ಕುಳಿತರು. ಡಾಕ್ಟರು ಹಾಗೆ ಹತ್ತಿರ ಬಂದು ಕುಳಿತರೆ ಸುದ್ದಿ ಒಳ್ಳೆಯದಲ್ಲ ಎಂದು ನನಗೆ ಅವತ್ತು ತಿಳಿಯಿತು. ಅದರಲ್ಲಿ ಸ್ಟೆರಾಯ್ಡ್ ಇದೆ, ಕೆಲವರಿಗೆ ಬಹಳ ದಿನ ಹಾಕಿದರೆ ಕಣ್ಣಿನೊಳಗಿನ ಒತ್ತಡ ಏರುತ್ತದೆ, ಏರಿದ್ದು ನೋಯುವುದೂ ಇಲ್ಲ, ಕಣ್ಣಿನಿಂದ ಮಿದುಳಿಗೆ ಹೋಗುವ ನರದ ಎಳೆಗಳು ಒಂದೊಂದೇ ಸಾಯುತ್ತವೆ, ಸತ್ತದ್ದು ತಿರುಗಿ ಬರುವುದಿಲ್ಲ ಎಂದರು. ಗ್ಲಾಕೋಮಾ ಎಂದರು.

ನಾನು ವಾದಿಸಿದೆ. "ಕುರುಡ ಆಗಿದ್ರ ಕಪ್ಪ ಕಾಣಬೇಕಲ್ರಿ? ನನಗ ಎಲ್ಲೂ ಕಪ್ಪ ಇಲ್ಲ. ಎಲ್ಲಾ ತುಂಬೇತಿ."

"ಕಣ್ಣ ಬರೇ ಸುದ್ದಿ ಕಳಸ್ತೈತ್ರಿ, ನೋಡೂದು ತಲಿ" ಎಂದರು ಅವರು. "ಸುದ್ದಿ ಬರಲಿಲ್ಲಂದ್ರ ತಲಿ ಆ ಜಾಗಾ ಖಾಲಿ ಬಿಡಂಗಿಲ್ಲ. ಬಾಜೂಕ ಏನ ಐತಿ, ಅದನ್ನ ತಂದ ತುಂಬಸ್ತೈತಿ. ಬಾಜೂಕ ಗೋಡಿ ಇದ್ರ ಗೋಡಿ, ರಸ್ತೆ ಇದ್ರ ರಸ್ತೆ."

ದ್ರಾಕ್ಷಿ ಇದ್ದರೆ ದ್ರಾಕ್ಷಿ. ಅಂಚಿನಿಂದ ಅಂಚಿಗೆ ಹೊಂಬಣ್ಣ.

ಆ ಕುರ್ಚಿಯಲ್ಲೇ ನನಗೆ ಎಲ್ಲ ಗೊತ್ತಾಯಿತು. ಪರಾತದ ಆ ಭಾಗವನ್ನು ನಾನು ನೋಡಿಯೇ ಇರಲಿಲ್ಲ. ಕರಿ ಮಣಿ ಅಲ್ಲೇ ಇದ್ದವು, ನನ್ನ ತಲೆ ಅವುಗಳ ಮೇಲೆ ಒಳ್ಳೆಯ ದ್ರಾಕ್ಷಿ ಹೊದಿಸಿ ತೋರಿಸಿತ್ತು. ನನ್ನ ರೋಗವನ್ನು ಎಲ್ಲರಿಗಿಂತ ಮೊದಲು ಗುರುತಿಸಿ ಬಾಯಿಬಿಟ್ಟು ಹೇಳಿದವಳು ರತ್ನವ್ವ, ಅವಳ ಅನ್ನ ಕಿತ್ತವಳು ನಾನು. ಇಷ್ಟು ಸಾಲದೆಂಬಂತೆ ಇನ್ನೊಂದು ಹೊಳೆಯಿತು. ಆ ಬಾಟಲಿಯ ಹನಿ ನನ್ನ ಕಣ್ಣಿಗೆ ಮಾತ್ರ ಬಿದ್ದಿರಲಿಲ್ಲ. ಅಗಲಿಸಿ ಮೇಲೆತ್ತಿದ ಆ ಕಣ್ಣುಗಳೆಲ್ಲ ಒಂದರ ಹಿಂದೊಂದು ನೆನಪಾದವು. ನಾನು ಅಲ್ಲೇ ಬಾಯಿಗೆ ಸೆರಗು ಒತ್ತಿಕೊಂಡು ಅತ್ತೆ. ಡಾಕ್ಟರು ಕಣ್ಣಿಗಾಗಿ ಅಳುತ್ತಿದ್ದಾಳೆ ಎಂದುಕೊಂಡರು.

ಮರುವಾರ ಟೆಂಪೊ ಮಾಡಿ ಹೆಂಗಸರನ್ನೆಲ್ಲ ಮಿರಜಕ್ಕೆ ಕರೆದೊಯ್ದೆ. ಬೈದರು, ಅತ್ತರು, ಒಬ್ಬಳು ದಾರಿಯುದ್ದಕ್ಕೂ ನನ್ನೊಡನೆ ಮಾತಾಡಲಿಲ್ಲ. ಇಬ್ಬರಲ್ಲಿ ಒತ್ತಡ ಏರಿತ್ತು. ಒಬ್ಬಳದು ಹನಿ ನಿಲ್ಲಿಸಿದ ಮೇಲೆ ಇಳಿಯಿತು. ಇನ್ನೊಬ್ಬಳು ನನ್ನ ತಂಗಿ ರೇಖಾ. ರಕ್ತ ಒಂದೇ, ಕಣ್ಣಿನ ಗುಣವೂ ಒಂದೇ. ಅವಳ ನೋಟದ ಅಂಚು ಸ್ವಲ್ಪ ಸವೆದಿದೆ, ಜೀವಮಾನವಿಡೀ ಬೇರೆ ಔಷಧ ಹಾಕಿಕೊಳ್ಳಬೇಕು. ಉಳಿದವರೆಲ್ಲರಿಗಿಂತ ಪ್ರೀತಿಯಿಂದ, ಹೆಚ್ಚು ಸಲ ನಾನು ಹನಿ ಹಾಕಿದ್ದು ಅವಳಿಗೇ. ಈ ಸಾಲು ಬರೆಯುವಾಗ ಅವಳು ಪೆನ್ನು ಕೆಳಗಿಟ್ಟು ಚಹಾ ಮಾಡಲು ಎದ್ದು ಹೋದಳು.

ರತ್ನವ್ವ ಒಬ್ಬಳೇ ಉಳಿದಳು. ಅವಳ ಫೋನಿಗೆ ಮಾಡಿದೆ, ನನ್ನ ದನಿ ಕೇಳಿದ ಕೂಡಲೇ ಇಟ್ಟಳು. ಆಮೇಲೆ ಹೋಗಲೇ ಇಲ್ಲ. ಆಪರೇಶನ್ ಇದೆ, ಬಿಸಿಲಿದೆ, ಕೈ ನೋವಿದೆ ಎಂದು ದಿನ ತಳ್ಳಿದೆ. ನಿಜವಾಗಿ ನಾಚಿಕೆ. ಅವಳ ಕಣ್ಣಿನಲ್ಲಿ ದಿನದಿನಕ್ಕೆ ಎಳೆಗಳು ಸಾಯುತ್ತಿರಬಹುದು ಎಂದು ತಿಳಿದೂ, ನನ್ನ ನಾಚಿಕೆಯನ್ನು ಕಾಪಾಡಿಕೊಂಡು ಕುಳಿತೆ.

ಒತ್ತಡ ಇಳಿಸಲೆಂದು ಎಡಗಣ್ಣಿನ ಆಪರೇಶನ್ ಆಗಿ ಪಟ್ಟಿ ಬಿಚ್ಚಿದ ಕೆಲವು ದಿನಕ್ಕೆ ಅವಳು ಬಂದು ಕುಳಿತಳು, ಹಸಿರು ಸೀರೆಯವಳು. ಅಡಿಗೆಮನೆಯಲ್ಲಿ ಮೊದಲ ಸಲ ಕಂಡಾಗ ಕೈಯಲ್ಲಿದ್ದ ಹಿಟ್ಟಿನ ಡಬ್ಬಿ ಬಿಟ್ಟೆ. ಆಮೇಲಾಮೇಲೆ ಚೀರುವುದನ್ನು ನಿಲ್ಲಿಸಿದೆ, ಹೆದರುವುದು ನಿಲ್ಲಲಿಲ್ಲ. ಅವಳಿರುವ ಕಡೆ ಬೆನ್ನು ಹಾಕಿ ಉಣ್ಣುತ್ತಿದ್ದೆ. ರತ್ನವ್ವ ಸತ್ತಳೇನೋ ಎಂದು ಒಮ್ಮೆ, ಕುರುಡಾದಳೇನೋ ಎಂದು ಒಮ್ಮೆ ಅನಿಸುತ್ತಿತ್ತು. ಆರು ತಿಂಗಳಿಗೆ ತಡೆಯಲಾರದೆ ಮನೆಯಲ್ಲಿ ಹೇಳಿಬಿಟ್ಟೆ, ಅತ್ತೆ ಗಾಳಿ ಬಿಡಿಸುವ ದೇವರಿಷಿಯನ್ನು ಕರೆಸಲು ಹೊರಟರು. ನಮ್ಮವರು ಮೊದಲ ಸಲ ತಾಯಿಗೆ ಎದುರು ಮಾತಾಡಿದರು. "ಮೊದಲ ಡಾಕ್ಟರಿಗಿ ಕೇಳೂಣ." ಇಪ್ಪತ್ತೈದು ವರ್ಷ ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದ ಮನುಷ್ಯ ಈಗ ರಸ್ತೆಯಲ್ಲಿ ನನ್ನ ಎಡಕ್ಕೆ ನಡೆಯುತ್ತಾರೆ. ಹಾಗೆ ನಡೆಯುತ್ತೇನೆಂದು ಹೇಳಿದವರಲ್ಲ, ಸುಮ್ಮನೆ ಬಂದು ನಡೆಯುತ್ತಾರೆ.

ಡಾಕ್ಟರು ಹೆದರಲಿಲ್ಲ, ಆಶ್ಚರ್ಯವನ್ನೂ ಪಡಲಿಲ್ಲ. ನೋಟ ಹೋದ ಎಷ್ಟೋ ಜನರಿಗೆ ಹೀಗೆ ಕಾಣುತ್ತದೆ ಎಂದರು. ಸುದ್ದಿ ಬರದ ಜಾಗವನ್ನು ತಲೆ ಮೊದಲು ಬಾಜೂದಿಂದ ತುಂಬುತ್ತದೆ, ಆಮೇಲೆ ಕೆಲವರಲ್ಲಿ ತನ್ನಲ್ಲಿದ್ದದ್ದನ್ನೇ ತೆಗೆದು ತೋರಿಸುತ್ತದೆ. ಒಬ್ಬರಿಗೆ ಹೂವು, ಒಬ್ಬರಿಗೆ ಬಲೆ, ಒಬ್ಬರಿಗೆ ಮನುಷ್ಯರು. "ಹುಚ್ಚ ಅಲ್ರಿ ಇದು. ಹೇಳಾಕ ಅಂಜತಾರ, ಅಷ್ಟ." ಎದೆಯ ಮೇಲಿನ ಕಲ್ಲು ಇಳಿಯಿತು. ಆದರೆ ನನ್ನ ತಲೆಯಲ್ಲಿ ಇಷ್ಟೆಲ್ಲ ಇರುವಾಗ ಅದು ಇವಳನ್ನೇ ಯಾಕೆ ತೆಗೆದು ತೋರಿಸಿತು ಎಂದು ಅವರನ್ನು ಕೇಳಲಿಲ್ಲ. ಅದಕ್ಕೆ ಡಾಕ್ಟರು ಬೇಕಿರಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲೇ, ಜೊತೆಗೆ ಬಂದಿದ್ದ ರೇಖಾಳಿಗೆ ಹೇಳಿದೆ. "ಚಿಕ್ಕೋಡಿ ಬಸ್ಸ ಹತ್ತೂಣ. ಅಂಕಲಿಗಿ ಇಳಿಯೂಣ." ನಮ್ಮವರನ್ನು ಊರಿಗೆ ಕಳಿಸಿ ನಾವಿಬ್ಬರೇ ಹತ್ತಿದೆವು. ಕೃಷ್ಣೆಯ ಸೇತುವೆ ದಾಟುವಾಗ ಕಿಟಕಿಯಾಚೆ ನೀರು ಎಷ್ಟು ನಿಜ, ಎಷ್ಟು ನನ್ನ ತಲೆ ತುಂಬಿದ್ದು ಎಂದು ಯೋಚಿಸಿದೆ.

ರತ್ನವ್ವನ ತವರುಮನೆಯ ಮುಂದೆ ಬೇವಿನ ಮರ, ಅದರ ಕೆಳಗೆ ಕಟ್ಟೆ. ರೇಖಾ ಪಕ್ಕದ ಮನೆಯಲ್ಲಿ ಕೇಳಿ ಬರುತ್ತೇನೆಂದು ಹೋದಳು. ನಾನು ಅಂಗಳಕ್ಕೆ ಕಾಲಿಟ್ಟೆ. ಅವಳು ಎಡಕ್ಕಿದ್ದ ಕಟ್ಟೆಯ ಮೇಲೆ ಕುಳಿತಿದ್ದಳು. ಬಿಸಿಲಿನಿಂದ ನೆರಳಿಗೆ ಬಂದ ನನಗೆ ಮುಖ ಸರಿಯಾಗಿ ಕಾಣಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡದ್ದೆಲ್ಲ ಒಮ್ಮೆಲೇ ಹೊರಬಂತು.

"ರತ್ನಾ, ನಾ ಸುಳ್ಳ ಹೇಳಿದೆ. ನಿನ್ನ ಕೈ ನಾ ನೋಡಿರಲಿಲ್ಲ. ಕರೇ ಮಣಿ ನನಗ ಕಂಡಿರಲಿಲ್ಲ, ತಪ್ಪ ನಿನ್ನ ಮ್ಯಾಲ ಹಾಕಿದೆ. ಬೈ, ಹೊಡಿ, ಆದ್ರ ಒಮ್ಮೆ ಕಣ್ಣ ತೋರಸಾಕ ಬಾ. ನಾ ಹಾಕಿದ ಆ ಹನಿ ವಿಷ ಐತಿ."

ಅವಳು ಅಲುಗಲಿಲ್ಲ. ಮುಖ ಮೇಲೆತ್ತಿ ಹಾಗೇ ಕುಳಿತಿದ್ದಳು.

"ಅಕ್ಕಾರ."

ದನಿ ಬಂದದ್ದು ಬಲಗಡೆಯಿಂದ, ಬಾಗಿಲಿನಿಂದ.

"ಯಾರ ಜೋಡಿ ಮಾತಾಡಾಕತ್ತೀರಿ? ಕಟ್ಟಿ ಮ್ಯಾಲ ಯಾರೂ ಇಲ್ಲ. ನಾ ಇಲ್ಲಿ ಅದೇನಿ."

ತಿರುಗಿದೆ. ಕೆಂಪು ಸೀರೆ, ಕೈಯಲ್ಲಿ ಬುಟ್ಟಿ, ತಲೆಯಲ್ಲಿ ನಾಲ್ಕು ಬಿಳಿ ಕೂದಲು ಹೆಚ್ಚಿಗೆ. ಅಲ್ಲೇ ಅಂಗಳದಲ್ಲಿ ಕುಳಿತುಬಿಟ್ಟೆ. ಅವಳು ಬುಟ್ಟಿ ಇಟ್ಟು ಬಂದು ನನ್ನ ಎಡಗಡೆ ಕೈ ಆಡಿಸಿದಳು. ನಾನು ನೋಡಲಿಲ್ಲ. ಬಲಗಡೆ ಆಡಿಸಿದಳು. ನೋಡಿದೆ.

"ನನ್ನ ಕಣ್ಣ ಚಲೋ ಅದಾವ್ರಿ" ಎಂದಳು. "ನಿಮ್ಮ ಸುದ್ದಿ ಕೇಳಿ ಹೋದ ತಿಂಗಳ ತೋರಿಸೇನಿ. ಅವತ್ತ ಎಲ್ಲಾರ ಮುಂದ ಹಂಗ ಅಂದ್ರಲ್ಲ, ಅವತ್ತಿನಿಂದ ನಿಮ್ಮ ಕೈಯಾಂದ ಅಂದ್ರ ನೀರೂ ಬ್ಯಾಡ ಅನಿಸ್ತು. ಆ ತಂಪನೂ ಬಿಟ್ಟೆ."

ನಾನು ದೂರ ಮಾಡಿದವಳ ಕಣ್ಣು ಉಳಿದಿದ್ದವು. ಹತ್ತಿರ ಇಟ್ಟುಕೊಂಡವಳು, ರೇಖಾ, ಅಷ್ಟರಲ್ಲಿ ಓಡಿ ಬಂದು, ಏನಾಯಿತು ಎಂದು ತಿಳಿಯದೆ ನನ್ನ ಭುಜ ಹಿಡಿದುಕೊಂಡಿದ್ದಳು. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ, ಎರಡನ್ನೂ ಮಾಡಿದೆ.

ಚಹಾ ಕುಡಿಯುತ್ತಿರುವಾಗ ಫೋನಿನ ಅಲಾರಂ ಕೂಗಿತು. ಮಧ್ಯಾಹ್ನದ ಔಷಧದ ಹೊತ್ತು. ಮುರಿದಿದ್ದ ಕೈ ಇನ್ನೂ ಸರಿಯಾಗಿ ಮಡಚುವುದಿಲ್ಲ, ರೇಖಾ ಹಾಕುತ್ತಾಳೆ. ಅವಳು ಚೀಲದಿಂದ ಬಾಟಲಿ ತೆಗೆದಳು. ರತ್ನವ್ವ ಕೈ ಚಾಚಿದಳು.

"ಕೊಡ ಇಲ್ಲಿ."

ಬಾಟಲಿಯನ್ನು ಬೆಳಕಿಗೆ ಹಿಡಿದು, ಅದರ ಮೇಲಿದ್ದ ಹೆಸರನ್ನು ಅಕ್ಷರ ಕೂಡಿಸಿ ಓದಿದಳು. ಯಾವ ತಿಂಗಳವರೆಗೆ ಬಾಳಿಕೆ ಎಂಬುದನ್ನು ಓದಿದಳು. ಡಾಕ್ಟರ ಚೀಟಿ ಕೇಳಿ ಅದರ ಜೊತೆ ಹೋಲಿಸಿ ನೋಡಿದಳು. ಆರು ವರ್ಷದಲ್ಲಿ ನಾವು ಹನ್ನೆರಡು ಜನರಲ್ಲಿ ಒಬ್ಬರೂ ಮಾಡದ ಕೆಲಸ ಅದು.

ನಾನು ಮುಖ ಮೇಲೆತ್ತಿದೆ. ಕಣ್ಣು ಅಗಲಿಸಿದೆ. ಅವಳು ನನ್ನ ಗದ್ದ ಹಿಡಿದಳು.

"ನೀವ ಅಂದದ್ದ ಮರತಿಲ್ಲ ನಾ" ಎಂದಳು.

"ಮರೀಬ್ಯಾಡ" ಎಂದೆ.

ಹನಿ ತಣ್ಣಗೆ ಬಿತ್ತು. ಆಮೇಲೆ ಇನ್ನೊಂದು ಕಣ್ಣಿಗೂ ಹಾಕಿದಳು.